ಕ್ವಾರ್ಟರ್ಸ್ ಗೋಡೆ ತಟ್ಟಿ ನೋಡಿದಾಗ

ಕೊಚ್ಚಿಗೆ ಹೋದವರು ಚೀನೀ ಬಲೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಮಟ್ಟಾಂಚೇರಿಯಲ್ಲಿ ಮಸಾಲೆ ಕೊಳ್ಳುತ್ತಾರೆ, ಸಂಜೆ ಬೋಟಿನಲ್ಲಿ ಒಂದು ಸುತ್ತು ಹಾಕುತ್ತಾರೆ. ನಾನು 2025ರ ಮಾರ್ಚಿನಲ್ಲಿ ಗೆಳತಿಯ ಮದುವೆಗೆ ಅಂತ ಹೋದವಳು. ಬಾಳೆಎಲೆ ಊಟ ಮುಗಿಸಿ, ತೃಪ್ಪೂಣಿತುರದಲ್ಲಿ ಮೆಟ್ರೊ ಹತ್ತಿ ವೈಟ್ಟಿಲದಲ್ಲಿ ಇಳಿದೆ. ಆಟೊದವನಿಗೆ "ಚಂದರ್ ಕುಂಜ್" ಅಂದೆ. ಅವನು ಕನ್ನಡಿಯಲ್ಲಿ ನನ್ನ ರೇಷ್ಮೆ ಸೀರೆ ನೋಡಿ, "ಫ್ಲಾಟ್ ತಗೊಳ್ಳೋಕಾ ಮೇಡಂ?" ಅಂತ ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳಿದ. ಇಲ್ಲಪ್ಪ, ಸುಮ್ಮನೆ ನೋಡೋಕೆ ಅಂದೆ. "ಹಾಗಾದರೆ ಬೇಗ ನೋಡಿ" ಅಂದ!

ಅವನ ಮಾತಿನಲ್ಲಿ ತಮಾಷೆ ಇತ್ತು, ಸುಳ್ಳಿರಲಿಲ್ಲ. ವೈಟ್ಟಿಲದ ಸಿಲ್ವರ್ ಸ್ಯಾಂಡ್ ದ್ವೀಪದಲ್ಲಿರುವ ಚಂದರ್ ಕುಂಜ್ ಆರ್ಮಿ ಟವರ್ಸ್‌ನಲ್ಲಿ ಮೂರು ಟವರ್, ಒಟ್ಟು 264 ಮನೆ. ಅದರಲ್ಲಿ ಬಿ ಮತ್ತು ಸಿ ಟವರ್‌ಗಳಿಗೆ 29 ಅಂತಸ್ತು. ಕಟ್ಟಿಸಿದ್ದು ಸೇನೆಯವರಿಗಾಗಿ ಮನೆ ಕಟ್ಟುವ ಆರ್ಮಿ ವೆಲ್‌ಫೇರ್ ಹೌಸಿಂಗ್ ಆರ್ಗನೈಸೇಷನ್. ಮನೆಗಳು ಕೈಗೆ ಬಂದಿದ್ದು 2018ರಲ್ಲಿ. 2025ರ ಫೆಬ್ರುವರಿ 3ರಂದು ಕೇರಳ ಹೈಕೋರ್ಟ್, ಬಿ ಮತ್ತು ಸಿ ಟವರ್‌ಗಳನ್ನು ಕೆಡವಿ ಮತ್ತೆ ಕಟ್ಟಿಕೊಡಿ ಎಂದು ಆದೇಶಿಸಿತು. ಆ ಎರಡು ಟವರ್‌ಗಳಲ್ಲಿ 208 ಮನೆ. ಇನ್ನೂ ಒಂದನೇ ಕ್ಲಾಸಿಗೆ ಸೇರುವ ವಯಸ್ಸು ಆ ಕಟ್ಟಡಕ್ಕೆ!

ಗೇಟಿನ ಹೊರಗೆ ನಿಂತು ಕತ್ತೆತ್ತಿ ನೋಡಿದೆ. ಕೆಲವು ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿತ್ತು. ಕೆಲವು ಖಾಲಿ. ಒಂದು ಕಡೆ ಎತ್ತರದಲ್ಲಿ ಯಾರೋ ಗಿಡಗಳಿಗೆ ನೀರು ಹಾಕುತ್ತಿದ್ದರು. ಕೆಡವಲು ಆದೇಶವಾದ ಮನೆಯಲ್ಲೂ ದಾಸವಾಳಕ್ಕೆ ನೀರು ಬೇಕಲ್ಲ.

ನಾನು ಯಾಕೆ ಅಲ್ಲಿಗೆ ಹೋದೆ ಅಂತ ಹೇಳಬೇಕು. ನಾನು ಸ್ಟ್ರಕ್ಚರಲ್ ಇಂಜಿನಿಯರ್. ಹಳೇ ಕಟ್ಟಡಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಅದಕ್ಕಿಂತ ಮೊದಲು ನಾನು ಹವಾಲ್ದಾರರ ಮಗಳು. ಹದಿನೇಳು ವರ್ಷದವರೆಗೆ ಬೆಳೆದಿದ್ದೆಲ್ಲ ಕ್ವಾರ್ಟರ್ಸಿನಲ್ಲಿ.

ಲೆಕ್ಕಕ್ಕೆ ಬಾರದ ಸೀಲಿಂಗ್

ಫೌಜಿ ಮಕ್ಕಳಿಗೆ "ನಿಮ್ಮ ಮನೆ ಎಲ್ಲಿ?" ಅಂತ ಕೇಳಿದರೆ ಉತ್ತರ ಕಷ್ಟ. ನಮ್ಮೂರು ಅರಕಲಗೂಡಿನ ಹತ್ತಿರ. ಆದರೆ ಅದು ಬೇಸಿಗೆ ರಜೆಯ ಊರು. ಮನೆ ಅಂದರೆ ಎರಡು ಮೂರು ವರ್ಷಕ್ಕೊಂದು ಬದಲಾಗುವ ಬ್ಲಾಕ್ ನಂಬರು. ಅಂಬಾಲಾ, ಜಬಲ್ಪುರ, ಸಿಕಂದರಾಬಾದ್ ಹೀಗೆ. ಅಪ್ಪನ ಹೆಸರು, ನಂಬರು, ರ‍್ಯಾಂಕ್ ಬರೆದ ಕಪ್ಪು ಟ್ರಂಕುಗಳು ಲಾರಿಯಿಂದ ಇಳಿದ ದಿನವೇ ನಮಗೆ ಗೃಹಪ್ರವೇಶ. ಅಮ್ಮ ಮೊದಲು ಒಲೆ ಮೇಲೆ ಹಾಲಿಡುತ್ತಿದ್ದಳು, ಆಮೇಲೆ ಬಾಗಿಲಿಗೆ ಅರಿಶಿನ ಕುಂಕುಮ. ಪಕ್ಕದ ಮನೆಯ ಪಂಜಾಬಿ ಆಂಟಿ ಚಹಾ ಕೊಟ್ಟು ಕಳಿಸುತ್ತಿದ್ದರು.

ಕ್ವಾರ್ಟರ್ಸ್ ಸಿಕ್ಕ ದಿನ 'ಮಾರ್ಚಿಂಗ್ ಇನ್' ಅಂತ ಒಂದು ಶಾಸ್ತ್ರ ಇರುತ್ತದೆ. ಖಾಲಿ ಮಾಡುವಾಗ 'ಮಾರ್ಚಿಂಗ್ ಔಟ್'. ಎಂಇಎಸ್‌ನವರು, ಅಂದರೆ ಮಿಲಿಟರಿ ಇಂಜಿನಿಯರ್ ಸರ್ವಿಸಸ್‌ನವರು, ಪಟ್ಟಿ ಹಿಡಿದು ಬರುತ್ತಾರೆ. 1923ರಿಂದ ಸೇನೆಯ ಕಟ್ಟಡ, ನೀರು, ಕರೆಂಟು ಎಲ್ಲ ನೋಡಿಕೊಳ್ಳುತ್ತಿರುವ ಸಂಸ್ಥೆ ಅದು. ಫ್ಯಾನ್ ಎಷ್ಟು, ನಲ್ಲಿ ಎಷ್ಟು, ಕಿಟಕಿಯ ಗಾಜು ಎಷ್ಟು, ಬಾಗಿಲ ಚಿಲಕ ಎಷ್ಟು ಅಂತ ಒಂದೊಂದೇ ಎಣಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಒಮ್ಮೆ ನಾನು ಚೆಂಡೆಸೆದು ಒಂದು ಗಾಜು ಒಡೆದಿದ್ದೆ. ಮನೆ ಬಿಡುವ ಹಿಂದಿನ ದಿನ ಅಪ್ಪ ಸೈಕಲ್ಲಿನಲ್ಲಿ ಬಜಾರಿಗೆ ಹೋಗಿ ಗಾಜು ಕತ್ತರಿಸಿಕೊಂಡು ಬಂದು ಕೂರಿಸಿದ್ದು ನೆನಪಿದೆ.

ಅದೇ ಮನೆಯ ಅಡುಗೆಮನೆ ಸೀಲಿಂಗಿನಲ್ಲಿ ಕಂದು ಬಣ್ಣದ ಒಂದು ಕಲೆ ಇತ್ತು. ನಾವು ಬಂದಾಗ ದೋಸೆಯಷ್ಟಿತ್ತು. ಬಿಡುವಾಗ ಚಾಪೆಯಷ್ಟಾಗಿತ್ತು. ನಾನು ನೋಡಿದ ಆ ಪಟ್ಟಿಯಲ್ಲಿ ಗಾಜಿಗೆ ಸಾಲಿತ್ತು, ಸೀಲಿಂಗಿಗೆ ಇರಲಿಲ್ಲ. ಅಪ್ಪನೂ ಕೇಳಲಿಲ್ಲ. "ಇನ್ನೆಷ್ಟು ದಿನ ಇರ್ತೀವಿ ಇಲ್ಲಿ?" ಅನ್ನುವುದು ಅವರ ಮಾತು. ನಮ್ಮ ಹಿಂದೆ ಇದ್ದವರೂ ಹಾಗೇ ಅಂದಿರಬೇಕು. ಮುಂದೆ ಬಂದವರೂ ಅಂದಿರುತ್ತಾರೆ.

ಹಾಗಂತ ಏನೂ ಆಗಿಲ್ಲ ಅಂತಲ್ಲ. ಮನೆಗಳ ಕೊರತೆ ನೀಗಿಸಲು 2002ರಲ್ಲಿ ಕೇಂದ್ರ ಸರ್ಕಾರ ಮ್ಯಾರೀಡ್ ಅಕಾಮಡೇಷನ್ ಪ್ರಾಜೆಕ್ಟ್ ಶುರು ಮಾಡಿತು. ಮೂರೂ ಪಡೆಗಳಿಗೆ ಸೇರಿ ಸುಮಾರು 2 ಲಕ್ಷ ಮನೆಗಳನ್ನು ಹಂತಹಂತವಾಗಿ ಕಟ್ಟುವ ಯೋಜನೆ. ಇವತ್ತು ಯಾವ ಕಂಟೋನ್ಮೆಂಟಿಗೆ ಹೋದರೂ ಆ ಹೊಸ ಬ್ಲಾಕುಗಳು ಕಾಣುತ್ತವೆ. ಪಕ್ಕದಲ್ಲೇ ನಲವತ್ತು ಐವತ್ತು ವರ್ಷದ ಹಳೇ ಬ್ಲಾಕುಗಳೂ ನಿಂತಿರುತ್ತವೆ. ಅವುಗಳ ಆರೋಗ್ಯ ನೋಡೋದಕ್ಕೆ ನಮ್ಮಂಥ ಹೊರಗಿನವರನ್ನು ಕರೆಯುವುದುಂಟು.

ಟಣ್ ಅಂದರೆ ಸರಿ, ಡೊಬ್ ಅಂದರೆ ಕಷ್ಟ

ಕೊಚ್ಚಿಗೆ ಹೋಗುವ ಎರಡು ವರ್ಷ ಮೊದಲು ಅಂಥ ಒಂದು ಕೆಲಸ ನಮ್ಮ ತಂಡಕ್ಕೆ ಸಿಕ್ಕಿತ್ತು. ಯಾವ ಸ್ಟೇಷನ್ ಅಂತ ಬರೆಯಲ್ಲ. ಸಮುದ್ರದಿಂದ ದೂರ, ಚಳಿ ಜೋರು, ರಸ್ತೆಯ ಎರಡೂ ಕಡೆ ಬೇವಿನ ಮರ, ಮರಗಳ ಬುಡಕ್ಕೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟಿ. ಗೇಟಿನಲ್ಲಿ ಫೋನ್ ಕೊಟ್ಟು, ಪಾಸ್ ಮಾಡಿಸಿಕೊಂಡು ಒಳಗೆ ಹೋದಾಗ ಮೂಗಿಗೆ ಬಡಿದ ವಾಸನೆ ನನ್ನ ಬಾಲ್ಯದ್ದೇ. ಹೊಸದಾಗಿ ಕತ್ತರಿಸಿದ ಹುಲ್ಲು, ಫಿನಾಯಿಲು, ದೂರದ ಲಂಗರಿನಲ್ಲಿ ಬೇಯುತ್ತಿರುವ ಬೇಳೆ.

ನಾವು ಐದು ಜನ. ಒಬ್ಬರು ಆರ್ಕಿಟೆಕ್ಟ್, ಇಬ್ಬರು ಸ್ಟ್ರಕ್ಚರಲ್ ಇಂಜಿನಿಯರ್‌ಗಳು, ಪ್ಲಂಬಿಂಗ್ ಮತ್ತು ಕರೆಂಟ್ ನೋಡುವ ಒಬ್ಬ, ಟೆಸ್ಟಿಂಗ್ ಲ್ಯಾಬಿನ ಹುಡುಗ ಒಬ್ಬ. ಆರ್ಕಿಟೆಕ್ಟ್ ಮೇಡಂ ಐವತ್ತು ದಾಟಿದವರು. ಆರ್ಕಿಟೆಕ್ಟ್ ಅಂದರೆ ಹೊಸ ಮನೆಗೆ ಚಂದದ ನಕ್ಷೆ ಬರೆಯೋರು ಅಂತಲೇ ನಾನೂ ಅಂದುಕೊಂಡಿದ್ದೆ. ಅವರು ಮೊದಲ ಮನೆಯಲ್ಲೇ ನನ್ನ ಕಣ್ಣು ತೆರೆಸಿದರು. ನಾನು ಮಲಗುವ ಕೋಣೆಯ ಮೂಲೆಯ ಬೂಷ್ಟು ನೋಡಿ ಮೇಲಿನಿಂದ ಸೋರಿಕೆ ಅಂತ ಬರೆದುಕೊಂಡೆ. ಅವರು ಸೋರಿಕೆ ಹುಡುಕಲಿಲ್ಲ. ಬಟ್ಟೆ ಎಲ್ಲಿ ಒಣಗಿಸ್ತೀರಿ ಅಂತ ಮನೆಯವರನ್ನು ಕೇಳಿದರು. ಚಳಿಗೆ ವೆಂಟಿಲೇಟರಿಗೆ ರಟ್ಟು ಅಂಟಿಸಿ, ಒಳಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ನೀರು ಬರುತ್ತಿದ್ದುದು ಒದ್ದೆ ಬಟ್ಟೆಯಿಂದ! ಅಲ್ಲಿ ವಾಟರ್‌ಪ್ರೂಫಿಂಗಿಗೆ ದುಡ್ಡು ಸುರಿದಿದ್ದರೆ ಬೂಷ್ಟು ಮುಂದಿನ ಚಳಿಗಾಲಕ್ಕೆ ಮತ್ತೆ ಹಾಜರಾಗುತ್ತಿತ್ತು. "ಬಿರುಕು ನೀನು ನೋಡು, ಬದುಕು ನಾನು ನೋಡ್ತೀನಿ" ಅಂತ ನಕ್ಕರು.

ನಮ್ಮ ಮೊದಲ ಸಲಕರಣೆ ಒಂದು ಸಣ್ಣ ಸುತ್ತಿಗೆ. ಸೀಲಿಂಗನ್ನು ಅಡಿ ಅಡಿಗೂ ತಟ್ಟುತ್ತಾ ಹೋಗುವುದು. 'ಟಣ್' ಅಂದರೆ ಗಟ್ಟಿ. 'ಡೊಬ್' ಅಂದರೆ ಒಳಗೆ ಬಿಟ್ಟುಕೊಂಡಿದೆ. ಸಂತೆಯಲ್ಲಿ ಅಮ್ಮ ತೆಂಗಿನಕಾಯಿ ತಟ್ಟಿ ನೋಡೋದಿಲ್ಲವೇ, ಹಾಗೇ. ಆಮೇಲೆ ಯಂತ್ರಗಳು. ಕಾಂಕ್ರೀಟಿನ ಒಂದು ಬದಿಯಿಂದ ಶಬ್ದದ ತರಂಗ ಬಿಟ್ಟು ಇನ್ನೊಂದು ಬದಿಗೆ ಎಷ್ಟು ಹೊತ್ತಿಗೆ ತಲುಪಿತು ಅಂತ ಅಳೆಯುತ್ತೇವೆ. ಸೆಕೆಂಡಿಗೆ ನಾಲ್ಕೂವರೆ ಕಿಲೋಮೀಟರಿಗಿಂತ ಜೋರಾಗಿ ಓಡಿದರೆ ಕಾಂಕ್ರೀಟ್ ಉತ್ತಮ. ಮೂರಕ್ಕಿಂತ ಕಡಿಮೆಯಾದರೆ ಒಳಗೆ ಟೊಳ್ಳು, ಬಿರುಕು ಇರಬಹುದು ಅಂತ ಅನುಮಾನ.

ನನಗೆ ಇಷ್ಟವಾದ ಪರೀಕ್ಷೆ ಬಣ್ಣದ್ದು. ಕಾಂಕ್ರೀಟನ್ನು ಸ್ವಲ್ಪ ಒಡೆದು, ಆ ಹೊಸ ಮುಖಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸುತ್ತೇವೆ. ಪಿಯುಸಿ ಕೆಮಿಸ್ಟ್ರಿ ಲ್ಯಾಬಿನಲ್ಲಿ ಎಲ್ಲರೂ ನೋಡಿರುವ ದ್ರಾವಣವೇ. ಗುಲಾಬಿ ಬಣ್ಣ ಬಂದರೆ ಅಲ್ಲಿ ಕಾಂಕ್ರೀಟಿನ ಕ್ಷಾರಗುಣ ಉಳಿದಿದೆ, ಒಳಗಿನ ಕಬ್ಬಿಣದ ಕಂಬಿಗೆ ಅದೇ ಕವಚ. ಬಣ್ಣ ಬರದಿದ್ದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಲ್ಲಿಯವರೆಗೆ ಹೊಕ್ಕಿದೆ ಅಂತ ಅರ್ಥ. ಅದು ಕಂಬಿಯವರೆಗೆ ಮುಟ್ಟಿ, ಜೊತೆಗೆ ನೀರೂ ಸಿಕ್ಕಿತೋ, ತುಕ್ಕು ಶುರು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಊದಿಕೊಂಡು ಕೆಳಗಿನ ಕಾಂಕ್ರೀಟನ್ನು ತಳ್ಳುತ್ತದೆ. ಒಂದು ದಿನ ಹೆಂಚಿನಷ್ಟು ಅಗಲದ ಹಲ್ಲೆ ಬಿದ್ದೇ ಹೋಗುತ್ತದೆ.

"ಅಷ್ಟ ಹೇಳ್ರಿ ಅಕ್ಕಾರ"

ಮೂರನೇ ದಿನ, ಹನ್ನೆರಡು ಮನೆಯ ಒಂದು ಬ್ಲಾಕ್, ಮೇಲಿನ ಮಹಡಿ. ಬಾಗಿಲು ತೆಗೆದವರಿಗೆ ನನ್ನ ವಯಸ್ಸೇ ಇರಬಹುದು. ಗಂಡ ಗಡಿಯಲ್ಲಿ ಡ್ಯೂಟಿ. ನಾನು ಲ್ಯಾಬಿನ ಹುಡುಗನಿಗೆ "ಏಣಿ ಹಿಡ್ಕೋ ಮಾರಾಯ" ಅಂದಿದ್ದು ಕೇಳಿ ಅವರ ಮುಖ ಅರಳಿತು.

"ನೀವು ಕನ್ನಡದವ್ರೇನ್ರಿ?"

ಬೈಲಹೊಂಗಲದ ಹತ್ತಿರದ ಹಳ್ಳಿಯವರು. ಆಮೇಲೆ ನಾನು 'ಮೇಡಂ' ಆಗಿ ಉಳಿಯಲಿಲ್ಲ, 'ಅಕ್ಕಾರ' ಆದೆ. ಬೇಡ ಅಂದರೂ ಚಹಾ ಬಂತು, ಊರಿಂದ ತಂದ ಕರದಂಟು ಬಂತು. "ಮ್ಯಾಲಿಂದ ಸಣ್ಣಗ ಉದುರ್ತೈತ್ರಿ. ಅನ್ನದಾಗ ಬೀಳ್ತದಂತ ತಾಟು ಮುಚ್ಚೇ ಇಡ್ತೀನಿ" ಅಂದರು. ದೂರಿನ ರಿಜಿಸ್ಟರಿನಲ್ಲಿ ಎರಡು ಸಲ ಬರೆದಿದ್ದರಂತೆ. ಬಂದವರು ಪ್ಲಾಸ್ಟರ್ ಬಳಿದು, ಸುಣ್ಣ ಹೊಡೆದು ಹೋಗಿದ್ದರು. ಹಾಗಾಗಿ ನೋಡಲು ಸೀಲಿಂಗ್ ಬೆಳ್ಳಗೆ ಚೆನ್ನಾಗೇ ಇತ್ತು.

ಒಳಕೋಣೆಯಲ್ಲಿ ಒಂದು ಮಂಚ. ನಾಲ್ಕು ವರ್ಷದ ಮಗನದ್ದು. ನಾನು ಏಣಿ ಹತ್ತಿ ತಟ್ಟಿದೆ. ಡೊಬ್. ಅಡಿ ಪಕ್ಕಕ್ಕೆ. ಡೊಬ್. ಇನ್ನೊಂದು ಅಡಿ. ಡೊಬ್. ಮಂಚದ ಮೇಲ್ಗಡೆ ಪೂರ್ತಿ. ಮೂಲೆಯಲ್ಲಿ ಸ್ವಲ್ಪ ಒಡೆದು ದ್ರಾವಣ ಸಿಂಪಡಿಸಿದೆವು. ಹುಡುಗ ಕೆಳಗೆ ನಿಂತು ಬಣ್ಣ ಬರುತ್ತೆ ಅಂತ ಕಾಯುತ್ತಿದ್ದ. ಪಕ್ಕದ ಮನೆಯಲ್ಲಿ ನೋಡಿದ್ದನಲ್ಲ. ಬಣ್ಣ ಬರಲಿಲ್ಲ. ಕಂಬಿಯ ಸುತ್ತ ಬೂದಿ ಬಣ್ಣ, ಕಂಬಿಯ ಮೇಲೆ ಪದರ ಪದರ ತುಕ್ಕು. ಕಾಂಕ್ರೀಟ್ ಹೊದಿಕೆ ಕನಿಷ್ಠ 20 ಮಿ.ಮೀ. ಇರಬೇಕಾದ ಜಾಗದಲ್ಲಿ ಅದರ ಅರ್ಧವೂ ಇರಲಿಲ್ಲ.

ನಮ್ಮ ಕಾಂಟ್ರ್ಯಾಕ್ಟಿನಲ್ಲಿ ಒಂದು ಷರತ್ತಿತ್ತು. ಕಂಡದ್ದನ್ನು ವಾಸವಿರುವವರ ಜೊತೆ ಚರ್ಚಿಸುವ ಹಾಗಿಲ್ಲ. ವರದಿ ನೇರ ಕಚೇರಿಗೆ. ಗಾಬರಿ ಹಬ್ಬಬಾರದು ಅನ್ನೋದು ಕಾರಣ. ಅದರಲ್ಲೂ ಸತ್ಯ ಇದೆ. ಹನ್ನೆರಡು ಮನೆ ಖಾಲಿ ಮಾಡಿಸಿದರೆ ಹನ್ನೆರಡು ಸಂಸಾರ ಎಲ್ಲಿಗೆ ಹೋಗಬೇಕು? ವಾರ್ಷಿಕ ಪರೀಕ್ಷೆಗೆ ಎರಡು ತಿಂಗಳಿತ್ತು. ನಾನು ಏಣಿ ಇಳಿದು, ಪುಸ್ತಕದಲ್ಲಿ ಬರೆದುಕೊಂಡು, "ವರದಿ ಕೊಡ್ತೀವಿ, ರಿಪೇರಿ ಮಾಡ್ತಾರೆ" ಅಂತ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ.

"ವರದಿ ಯಾವಾಗ್ರಿ?"

"ಮೂರು ತಿಂಗಳು."

ಅವರು ಚಹಾದ ಲೋಟ ಎತ್ತಿಕೊಂಡರು. "ಅದೆಲ್ಲಾ ಇರ್ಲಿ ಅಕ್ಕಾರ. ಇವತ್ತ ರಾತ್ರಿ ಮಗನ್ನ ಎಲ್ಲಿ ಮಲಗಸ್ಲಿ, ಅಷ್ಟ ಹೇಳ್ರಿ."

ಐಐಟಿಯ ಪ್ರಶ್ನೆಪತ್ರಿಕೆಯೂ ನನ್ನನ್ನು ಹಾಗೆ ನಿಲ್ಲಿಸಿರಲಿಲ್ಲ. ನನಗೆ ಉತ್ತರ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ. ಅಪ್ಪನ ಸೈಕಲ್ಲು, ಪೇಪರಿನಲ್ಲಿ ಸುತ್ತಿದ ಗಾಜು ನೆನಪಾಯಿತು. ಗಾಜಿಗೆ ಉತ್ತರ ಕೊಡಬೇಕಾದವರು ನಾವು. ಸೀಲಿಂಗಿಗೆ ಯಾರು?

"ಈ ಕೋಣೇಲಿ ಬೇಡ. ಹೊರಗಿನ ಕೋಣೇಲಿ, ಬಾಗಿಲ ಹತ್ತಿರದ ಗೋಡೆಗೆ ಮಂಚ ಹಾಕಿ. ಈ ಕೋಣೆಗೆ ಬೀಗ ಹಾಕಿಬಿಡಿ" ಅಂದೆ. ಹೊರಗಿನ ಕೋಣೆಯ ಆ ಭಾಗವನ್ನು ಆಗಲೇ ತಟ್ಟಿ ನೋಡಿದ್ದೆ. ಟಣ್ ಅಂದಿತ್ತು. ಲ್ಯಾಬಿನ ಹುಡುಗನೂ ನಾನೂ ಸೇರಿ ಮಂಚ ಸರಿಸಿಯೇ ಹೊರಟೆವು.

ಸಂಜೆ ಗೆಸ್ಟ್ ಹೌಸಿನಲ್ಲಿ ನಮ್ಮ ಸೀನಿಯರ್ ಹತ್ತಿರ ಹೋಗಿ, "ಸರ್, ಷರತ್ತು ಮುರಿದೆ" ಅಂದೆ. ಅವರು ಪೂರ್ತಿ ಕೇಳಿದರು. ಬೈಯುತ್ತಾರೆ ಅಂದುಕೊಂಡಿದ್ದೆ. "ಬಾಯಲ್ಲಿ ಹೇಳಿದ್ದು ಸಾಲದು, ಬರೆದು ಕೊಡು" ಅಂದರು. ರಾತ್ರಿಯೇ ಒಂದು ಪುಟದ ಪತ್ರ ತಯಾರಾಯಿತು. ಮೂರು ತಿಂಗಳ ವರದಿಗೆ ಕಾಯದೆ ತಕ್ಷಣ ಮಾಡಬೇಕಾದ್ದು ಇಷ್ಟು ಅಂತ. ಬೆಳಿಗ್ಗೆ ಅದನ್ನು ಹಿಡಿದು ಅಲ್ಲಿಯ ಅಧಿಕಾರಿಯನ್ನು ನೋಡಿದೆವು. ಅವರೂ ಇಂಜಿನಿಯರೇ. ಓದಿದರು, ಒಂದು ಫೋನ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಆ ಕೋಣೆಗೆ ಕಬ್ಬಿಣದ ಜಾಕಿಗಳು ಬಂದು ಸ್ಲ್ಯಾಬಿಗೆ ಆನಿಕೆ ಕೊಟ್ಟು ನಿಂತವು. ಅಂದರೆ ಯಾರೂ ಕೆಟ್ಟವರಲ್ಲ. ಮೇಲೆ ಸುಣ್ಣ ಇತ್ತು, ಕೆಳಗೆ ರಿಜಿಸ್ಟರ್ ಇತ್ತು, ನಡುವೆ ತಟ್ಟಿ ನೋಡುವ ಕೈ ಇರಲಿಲ್ಲ.

ಅವತ್ತಿನಿಂದ ನಮ್ಮ ತಂಡ ಒಂದು ಪದ್ಧತಿ ಇಟ್ಟುಕೊಂಡಿದೆ. ಕೆಲಸ ಒಪ್ಪಿಕೊಳ್ಳುವಾಗಲೇ ಎರಡು ಸಾಲು ಸೇರಿಸಲು ಕೇಳುತ್ತೇವೆ. ಜೀವಕ್ಕೆ ಅಪಾಯ ಕಂಡರೆ ಅದೇ ದಿನ ಮನೆಯವರಿಗೆ ತಿಳಿಸುತ್ತೇವೆ. ವರದಿಯ ಸಾರ ಒಂದು ಪುಟದಲ್ಲಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಅವರ ಕೈಗೂ ಸೇರಬೇಕು. ಎಲ್ಲ ಕಡೆ ಒಪ್ಪುವುದಿಲ್ಲ. ಒಪ್ಪದ ಒಂದು ಕೆಲಸ ಬಿಟ್ಟೂ ಇದ್ದೇವೆ.

ವರದಿ ಯಾರ ಕೈಗೆ?

ವೈಟ್ಟಿಲದ ಗೇಟಿನ ಮುಂದೆ ನಿಂತಾಗ ನನ್ನ ತಲೆಯಲ್ಲಿ ಇದೆಲ್ಲ ಓಡುತ್ತಿತ್ತು. ಇವು ಕ್ವಾರ್ಟರ್ಸ್ ಅಲ್ಲ, ಸ್ವಂತ ಮನೆಗಳು. ಸರ್ವಿಸಿನ ಉಳಿತಾಯ ಹಾಕಿ, ಸಾಲ ಮಾಡಿ ಕೊಂಡಂಥವು. "ಇನ್ನೆಷ್ಟು ದಿನ ಇರ್ತೀವಿ ಇಲ್ಲಿ" ಅನ್ನುವ ಮಾತು ಇಲ್ಲಿ ನಡೆಯಲ್ಲ. ಟ್ರಂಕು ಕಟ್ಟುವುದು ಸಾಕು ಅಂತಲೇ ಇಲ್ಲಿಗೆ ಬಂದವರು ಇವರು.

ಇಲ್ಲಿನ ಸಮಸ್ಯೆಯಲ್ಲಿ ಮುಖ್ಯವಾಗಿ ಕೇಳಿಬಂದಿದ್ದು ಕಾಂಕ್ರೀಟಿನೊಳಗಿನ ಕ್ಲೋರೈಡ್. ಅಂದರೆ ಉಪ್ಪಿನ ಅಂಶ. ನಮ್ಮ ಐಎಸ್ 456 ಸಂಹಿತೆ ಪ್ರಕಾರ, ಕಂಬಿ ಇರುವ ಸಾಮಾನ್ಯ ಕಾಂಕ್ರೀಟಿನಲ್ಲಿ ಅದು ಒಂದು ಘನ ಮೀಟರಿಗೆ 0.6 ಕೆ.ಜಿ. ಮೀರಬಾರದು. ಹೊರಗಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಕಂಬಿ ಮುಟ್ಟಲು ಸಾಮಾನ್ಯವಾಗಿ ದಶಕಗಳು ಬೇಕು. ಉಪ್ಪು ಕಾಂಕ್ರೀಟಿನ ಒಳಗೇ ಇದ್ದರೆ ಅಷ್ಟು ಕಾಯುವುದಿಲ್ಲ. ಮೇಲೆ ಎಷ್ಟು ಪ್ಲಾಸ್ಟರ್ ಬಳಿದರೂ ಒಳಗಿನ ಉಪ್ಪು ತೆಗೆಯುವುದು ಹೇಗೆ? ನಿವಾಸಿಗಳು ದೂರು ಕೊಟ್ಟರು. ತಜ್ಞರು ಬಂದರು, ವರದಿಗಳು ಬಂದವು. ದುರಸ್ತಿ ಸಾಕೋ, ಕೆಡವಲೇಬೇಕೋ ಅನ್ನುವ ಪ್ರಶ್ನೆ ಕೋರ್ಟಿನ ಮೆಟ್ಟಿಲೇರಿತು.

ತೀರ್ಪಿನಲ್ಲಿ ನನ್ನ ಗಮನ ಸೆಳೆದಿದ್ದು ಎರಡು ವಿಷಯ. ಮತ್ತೆ ಕಟ್ಟಿಕೊಡುವವರೆಗೆ ಆ ಕುಟುಂಬಗಳಿಗೆ ತಿಂಗಳಿಗೆ 21,000ದಿಂದ 23,000 ರೂಪಾಯಿ ಬಾಡಿಗೆ ಕೊಡಬೇಕು. ಮತ್ತು ಕೆಲಸ ನೋಡಿಕೊಳ್ಳುವ ಸಮಿತಿಯಲ್ಲಿ ಸ್ಟ್ರಕ್ಚರಲ್ ಇಂಜಿನಿಯರ್ ಜೊತೆಗೆ ನಿವಾಸಿಗಳ ಪ್ರತಿನಿಧಿಗಳೂ ಇರಬೇಕು. ಮೊದಲನೆಯದು "ಇವತ್ತು ರಾತ್ರಿ ಎಲ್ಲಿ ಮಲಗೋದು" ಅನ್ನುವುದಕ್ಕೆ ಉತ್ತರ. ಎರಡನೆಯದು "ವರದಿ ಯಾರ ಕೈಗೆ" ಅನ್ನುವುದಕ್ಕೆ.

ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಅಮೆರಿಕದಲ್ಲಿ 1996ರ ಕಾನೂನಿನ ನಂತರ ಸೈನಿಕರ ಕುಟುಂಬಗಳ ಮನೆಗಳನ್ನು ಖಾಸಗಿ ಕಂಪನಿಗಳ ಕೈಗೆ ಕೊಡುತ್ತಾ ಬಂದರು. ಬೂಷ್ಟು, ಸೀಸದ ಬಣ್ಣ, ಸೋರುವ ಪೈಪುಗಳ ಬಗ್ಗೆ 2018ರಲ್ಲಿ ರಾಯ್ಟರ್ಸ್ ಸರಣಿ ವರದಿ ಮಾಡಿದ ಮೇಲೆ ಅಲ್ಲಿನ ಸಂಸತ್ತು ಎದ್ದು ಕೂತಿತು. 2021ರಲ್ಲಿ ಒಂದು ದೊಡ್ಡ ಕಂಪನಿ, ಬೋನಸ್ ಆಸೆಗೆ ರಿಪೇರಿ ದಾಖಲೆಗಳನ್ನು ತಿದ್ದಿದ್ದು ನಿಜ ಎಂದು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 6.5 ಕೋಟಿ ಡಾಲರಿಗೂ ಹೆಚ್ಚು ತೆರಬೇಕಾಯಿತು. ಈಗ ಅಲ್ಲಿ ಅಂಥ ಮನೆಗೆ ಹೋಗುವ ಸೈನಿಕ ಕುಟುಂಬ ಆ ಮನೆಯ ಹಿಂದಿನ ಏಳು ವರ್ಷದ ರಿಪೇರಿ ಇತಿಹಾಸ ಕೇಳಿ ಪಡೆಯಬಹುದು. ಯೋಚಿಸಿ ನೋಡಿ, ನಮ್ಮ ಮಾರ್ಚಿಂಗ್ ಇನ್ ಪಟ್ಟಿಯ ಕೊನೆಗೆ ಅಂಥ ಒಂದು ಹಾಳೆ ಪಿನ್ ಮಾಡಿದರೆ? "ಅಡುಗೆಮನೆ ಸೀಲಿಂಗ್, ಕಲೆ, ದೋಸೆಯಷ್ಟು" ಅಂತ ನಮ್ಮಪ್ಪ ಬರೆದಿದ್ದರೆ, ಮುಂದಿನವರು "ಚಾಪೆಯಷ್ಟು" ಅಂತ ಓದುತ್ತಿದ್ದರು. ಅದರ ಮುಂದಿನವರು ಇಂಜಿನಿಯರನ್ನು ಕರೆಸುತ್ತಿದ್ದರು.

ಬಾಡಿಗೆ ಮನೆ, ಅಪಾರ್ಟ್‌ಮೆಂಟು ಅಂತ ಓಡಾಡುವ ನಾವೂ ಅಷ್ಟೇ ತಾನೆ? ಅಡ್ವಾನ್ಸ್ ಕೊಡುವಾಗ ಗೀಸರ್ ಇದೆಯಾ, ವೈಫೈ ಬರುತ್ತಾ ಅಂತ ಕೇಳುತ್ತೇವೆ. ಮುಂದಿನ ಸಲ ಸೀಲಿಂಗಿನ ಮೂಲೆಗಳನ್ನೂ ಒಮ್ಮೆ ನೋಡಿ. ಕಂಬಿಯ ಉದ್ದಕ್ಕೆ ನೇರ ಗೆರೆಯಂಥ ಬಿರುಕು, ಕಂದು ನೀರಿನ ಕಲೆ, ಉಬ್ಬಿದ ಪ್ಲಾಸ್ಟರ್ ಇದ್ದರೆ ಫೋಟೊ ತೆಗೆದು, ತಾರೀಖು ಹಾಕಿ ಇಟ್ಟುಕೊಳ್ಳಿ. ಅದರ ಮೇಲೆ ಬಣ್ಣ ಹೊಡೆಸುವ ಮೊದಲು ಗೊತ್ತಿದ್ದವರಿಂದ ತಟ್ಟಿಸಿ ನೋಡಿ. ಪರೀಕ್ಷೆ ಮಾಡಿಸಿದರೆ ವರದಿಯ ಒಂದು ಪ್ರತಿ ಕೇಳಿ.

ಆಟೊದವನು ಕಾದಿದ್ದ. ಮೆಟ್ರೊ ಸ್ಟೇಷನ್ ಕಡೆ ತಿರುಗಿಸುತ್ತಾ "ನೋಡಿದ್ರಾ?" ಅಂದ. ಹೂಂ ಅಂದೆ. ಆಗಲೇ ಫೋನು ಗುಂಯ್ ಅಂತು. ಅರಕಲಗೂಡಿನಿಂದ ಅಪ್ಪ. ಮದುವೆ ಊಟ ಹೇಗಿತ್ತು ಅಂತ ವಿಚಾರಿಸಿದರು. ನಾನು ಎಲ್ಲಿಂದ ಬರುತ್ತಿದ್ದೇನೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಮೂವತ್ತು ವರ್ಷದಲ್ಲಿ ಒಂದು ದೂರನ್ನೂ ಬರೆಸದ ಮನುಷ್ಯ, ಮೆಲ್ಲಗೆ ಅಂದರು:

"ಊರಿಗೆ ಬಂದಾಗ ಆ ಸುತ್ತಿಗೆ ತಗೊಂಡು ಬಾ ಮಗಳೇ. ನಡುಮನೆ ತಾರಸಿ ಒಂದ್ಸಲ ನೋಡೋಣ."